ಕಪ್ಪಾದ ಥೈರಾಯ್ಡ್ ಗ್ರಂಥಿ: ಬಣ್ಣವೇ ರೋಗವೆ?

ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಕುಳಿತಿರುವ ಥೈರಾಯ್ಡ್ ಗ್ರಂಥಿಯನ್ನು ಅದರ ಒಡೆಯನು ಜೀವಮಾನದಲ್ಲಿ ಒಮ್ಮೆಯೂ ಕಾಣುವುದಿಲ್ಲ. ಅದನ್ನು ಕಣ್ಣಾರೆ ಕಾಣುವವರು ಶಸ್ತ್ರವೈದ್ಯರು ಮಾತ್ರ. ಚಿಟ್ಟೆಯ ರೆಕ್ಕೆಗಳಂತೆ ಎರಡು ಹಾಲೆಗಳುಳ್ಳ, ಸುಮಾರು 20 ಗ್ರಾಂ ತೂಗುವ, ಕಂದುಗೆಂಪು ಬಣ್ಣದ ಮೃದುವಾದ ಅಂಗವೊಂದನ್ನು ಅವರು ಅಲ್ಲಿ ನಿರೀಕ್ಷಿಸುತ್ತಾರೆ. ಆದರೆ ಎಂದಾದರೊಮ್ಮೆ, ಯಾವುದೋ ಗಂಟಿನ ಸಲುವಾಗಿ ಕತ್ತನ್ನು ತೆರೆದಾಗ, ಆ ಸ್ಥಳದಲ್ಲಿ ನೇರಳೆಹಣ್ಣಿನಂತೆಯೋ ಇದ್ದಿಲಿನಂತೆಯೋ ಕಪ್ಪಗಿರುವ ಗ್ರಂಥಿ ಎದುರಾಗುವುದುಂಟು. ಅನುಭವಿಗಳಾದ ಶಸ್ತ್ರವೈದ್ಯರೂ ಒಂದು ಕ್ಷಣ ಕೈ ತಡೆಯುವಂಥ ನೋಟ ಅದು.

ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಬಂಧುಗಳ ಕಿವಿಗೆ ಈ ಸುದ್ದಿ ಬಿದ್ದಾಗ ಅವರ ಮನಸ್ಸು ಎತ್ತ ಓಡುವುದೆಂದು ಹೇಳಬೇಕಾಗಿಲ್ಲ. ದೇಹದ ಒಳಗಿನ ಕಪ್ಪು ಎಂದರೆ ಕೊಳೆತದ್ದು, ಸತ್ತದ್ದು, ಕ್ಯಾನ್ಸರ್ ಹಿಡಿದದ್ದು ಎಂಬುದು ಸಾಮಾನ್ಯ ಜನರ ಭಾವನೆ. ಆ ರೋಗಿಯು ಹಿಂದೆ ಮೊಡವೆಗೆಂದು ವರ್ಷಗಟ್ಟಲೆ ಮಿನೊಸೈಕ್ಲಿನ್ ಎಂಬ ಮಾತ್ರೆಯನ್ನು ನುಂಗಿದ್ದಳೆಂದು ತಿಳಿದುಬಂದರಂತೂ, ಮಾತ್ರೆಯಿಂದ ಕಪ್ಪು, ಕಪ್ಪಿನಿಂದ ಕ್ಯಾನ್ಸರ್ ಎಂಬ ಸರಪಳಿಯನ್ನು ಹೆಣೆಯಲು ತಡವಾಗದು. ಈ ಸರಪಳಿಯ ಮೊದಲನೆಯ ಕೊಂಡಿ ಸತ್ಯವಾದುದು. ಎರಡನೆಯ ಕೊಂಡಿ ಎಷ್ಟರಮಟ್ಟಿಗೆ ಗಟ್ಟಿ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಏಕೆಂದರೆ ಅದನ್ನು ನಂಬಿ ಆರೋಗ್ಯವಾದ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡರೆ ಹೋದದ್ದು ಮರಳಿ ಬಾರದು; ಅದನ್ನು ಪೂರ್ಣವಾಗಿ ತಳ್ಳಿಹಾಕಿ ಗಂಟನ್ನು ಅಲಕ್ಷಿಸಿದರೂ ಅಪಾಯವೇ.

ಔಷಧ ಮತ್ತು ಅದರ ಕುರುಹು

ಮಿನೊಸೈಕ್ಲಿನ್ ಎಂಬುದು ಟೆಟ್ರಸೈಕ್ಲಿನ್ ಕುಟುಂಬಕ್ಕೆ ಸೇರಿದ, ಅರೆಕೃತಕವಾಗಿ ತಯಾರಾದ ಆಂಟಿಬಯೊಟಿಕ್. 1970ರ ದಶಕದ ಆರಂಭದಲ್ಲಿ ಇದು ಬಳಕೆಗೆ ಬಂದಿತು. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಗುಣವುಳ್ಳದ್ದಾದುದರಿಂದ ಚರ್ಮದ ಜಿಡ್ಡಿನ ಗ್ರಂಥಿಗಳ ಆಳಕ್ಕೂ ಇದು ಇಳಿಯಬಲ್ಲದು. ಆ ಕಾರಣದಿಂದಲೇ ಮೊಡವೆಯ ಚಿಕಿತ್ಸೆಯಲ್ಲಿ ಇದಕ್ಕೆ ದೊಡ್ಡ ಸ್ಥಾನ ದೊರೆಯಿತು. ಸಂಧಿವಾತದ ಕೆಲವು ಬಗೆಗಳಲ್ಲಿ ಹಾಗೂ ಕುಷ್ಠರೋಗದಲ್ಲಿಯೂ ವೈದ್ಯರು ಇದನ್ನು ಉಪಯೋಗಿಸಿರುವುದುಂಟು. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದನ್ನು ನುಂಗಿದವರಲ್ಲಿ ಹೆಚ್ಚಿನವರು ಮೊಡವೆಯಿಂದ ಬಳಲಿದ ಯುವಕ ಯುವತಿಯರೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಔಷಧವು ಅಂಗಡಿಗೆ ಬರುವ ಮೊದಲೇ, 1967ರಲ್ಲಿ, ಇಲಿ, ನಾಯಿ, ಕೋತಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಥೈರಾಯ್ಡ್ ಗ್ರಂಥಿ ಕಪ್ಪಾಗುವುದನ್ನು ಸಂಶೋಧಕರು ಗುರುತಿಸಿದ್ದರು. ಮಾನವನಲ್ಲಿ ಇದನ್ನು ಮೊದಲು ವರದಿ ಮಾಡಿದವರು ಆಟ್‌ವುಡ್ ಮತ್ತು ಡೆನೆಟ್ ಎಂಬ ವೈದ್ಯರು. 1976ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯು ಮರಣೋತ್ತರ ಪರೀಕ್ಷೆಯಲ್ಲಿ ಕಂಡ ಕಪ್ಪು ಗ್ರಂಥಿಯೊಂದನ್ನು ಕುರಿತದ್ದು. ಆ ಬಳಿಕ ಬೇರೆ ಬೇರೆ ದೇಶಗಳಿಂದ ಒಂದೊಂದಾಗಿ ಇಂಥ ನಿದರ್ಶನಗಳು ಬೆಳಕಿಗೆ ಬಂದವು. ಇದೇ ಕುಟುಂಬದ ಡಾಕ್ಸಿಸೈಕ್ಲಿನ್ ಔಷಧದಿಂದಲೂ ಗ್ರಂಥಿ ಕಪ್ಪಾದುದು ಬಹು ವಿರಳವಾಗಿ ವರದಿಯಾಗಿದೆ.

ಮಿನೊಸೈಕ್ಲಿನ್ ತನ್ನ ಬಣ್ಣವನ್ನು ಥೈರಾಯ್ಡ್ ಒಂದರಲ್ಲಿಯೇ ಬಿಡುವುದಿಲ್ಲ. ಮೊಡವೆ ಮಾಗಿದ ಕಲೆಗಳಲ್ಲಿ, ಮೊಣಕಾಲಿನ ಕೆಳಗಿನ ಚರ್ಮದಲ್ಲಿ ನೀಲಿ ಬೆರೆತ ಬೂದು ಛಾಯೆ, ಉಗುರು ಹಾಗೂ ಹಲ್ಲುಗಳಲ್ಲಿ ಕಂದು, ವಸಡಿನ ಅಡಿಯ ಎಲುಬು ಕಪ್ಪಾಗಿ ವಸಡಿನ ಮೂಲಕ ಅದು ತೋರುವುದು, ಕಣ್ಣಿನ ಬಿಳಿಭಾಗದಲ್ಲಿ ನೀಲಿ ಪಟ್ಟಿ, ಇವೆಲ್ಲ ವೈದ್ಯರಿಗೆ ಪರಿಚಿತ. ಇವು ಹೊರಗೆ ಕಾಣುವ ಕುರುಹುಗಳು. ಥೈರಾಯ್ಡಿನದು ಒಳಗಿನ ಗುಟ್ಟು. ರಕ್ತಪರೀಕ್ಷೆಯಾಗಲಿ ಅಲ್ಟ್ರಾಸೌಂಡ್ ಆಗಲಿ ಬಣ್ಣವನ್ನು ತೋರಿಸವು. ಸೂಜಿಯಿಂದ ಕೋಶಗಳನ್ನು ಸೆಳೆದು ನೋಡುವ ಪರೀಕ್ಷೆಯಲ್ಲಿಯೂ ಈ ಕಪ್ಪು ಗೋಚರಿಸುವುದು ಅಪರೂಪ.

ಬಣ್ಣ ಬರುವ ಬಗೆ

ಈ ಗ್ರಂಥಿಯೇ ಏಕೆ ಕಪ್ಪಾಗಬೇಕು? ಇದಕ್ಕೆ ಉತ್ತರ ಅಡಿಗೆಮನೆಯಲ್ಲಿಯೇ ಇದೆ. ಬಾಳೆಕಾಯಿಯನ್ನೋ ಬದನೆಕಾಯಿಯನ್ನೋ ಹೆಚ್ಚಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹೋಳುಗಳು ಕಪ್ಪಾಗುತ್ತವೆ. ಕಾಯಿಯೊಳಗಿನ ಒಂದು ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ಅದರಲ್ಲಿನ ಒಗರಿನ ದ್ರವ್ಯಗಳನ್ನು ಉತ್ಕರ್ಷಿಸುತ್ತದೆ. ಆಗ ಕ್ವಿನೋನ್ ಎಂಬ ಜಾತಿಯ ಚುರುಕಾದ ಪದಾರ್ಥಗಳು ಹುಟ್ಟಿ, ಒಂದಕ್ಕೊಂದು ಹೆಣೆದುಕೊಂಡು ಕಪ್ಪು ವರ್ಣದ್ರವ್ಯವಾಗುತ್ತವೆ. ಬಾಳೆದಿಂಡನ್ನು ಹೆಚ್ಚುತ್ತ ಹೆಚ್ಚುತ್ತ ಮಜ್ಜಿಗೆ ನೀರಿಗೆ ಹಾಕುವ ಗೃಹಿಣಿಯು ಈ ರಾಸಾಯನಿಕ ಕ್ರಿಯೆಯ ಹೆಸರನ್ನು ಅರಿಯದಿದ್ದರೂ ಅದನ್ನು ತಡೆಯುವ ಉಪಾಯವನ್ನು ಚೆನ್ನಾಗಿ ಅರಿತಿರುತ್ತಾಳೆ.

ಥೈರಾಯ್ಡ್ ಗ್ರಂಥಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಈ ಗ್ರಂಥಿಯು ಅಸಂಖ್ಯ ಸೂಕ್ಷ್ಮ ಚೀಲಗಳಿಂದಾದುದು. ಚೀಲದ ಗೋಡೆ ಒಂದೇ ಸಾಲು ಕೋಶಗಳದ್ದು; ನಡುವೆ ಅಂಟಾದ ರಸ ತುಂಬಿರುತ್ತದೆ. ರಕ್ತದಿಂದ ಹೀರಿದ ಅಯೋಡಿನ್ ಈ ರಸದಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗಲೇ ಥೈರಾಕ್ಸಿನ್ ಹಾರ್ಮೋನು ಸಿದ್ಧವಾಗಲು ಸಾಧ್ಯ. ಹಾಗೆ ಅಂಟಿಸುವ ಕೆಲಸ ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವದ್ದು. ಬಲವಾದ ಉತ್ಕರ್ಷಣ ಶಕ್ತಿಯುಳ್ಳ ಈ ಕಿಣ್ವದ ಬಳಿಗೆ ಮಿನೊಸೈಕ್ಲಿನ್ ಬಂದಾಗ ಅದೂ ಕ್ವಿನೋನನ್ನು ಹೋಲುವ ಪದಾರ್ಥವಾಗಿ ಮಾರ್ಪಟ್ಟು, ಕ್ರಮೇಣ ಕಪ್ಪು ವರ್ಣದ್ರವ್ಯವಾಗಿ ಕೋಶಗಳಲ್ಲಿಯೂ ರಸದಲ್ಲಿಯೂ ಸಂಗ್ರಹವಾಗುತ್ತದೆ. 1996 ಮತ್ತು 1997ರಲ್ಲಿ ಟಾರೋಗ್, ಡೋರ್ಜ್ ಮೊದಲಾದ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳು ಈ ವಿವರಣೆಗೆ ಆಧಾರ. ವಯಸ್ಸಾದಂತೆ ಅನೇಕ ಅಂಗಗಳ ಕೋಶಗಳಲ್ಲಿ ಸಹಜವಾಗಿಯೇ ಸೇರುವ ಕಂದು ದ್ರವ್ಯವೊಂದುಂಟು. ಅದೇ ಸಹಜ ಕ್ರಿಯೆಯು ಔಷಧದಿಂದಾಗಿ ಅತಿಯಾಗುತ್ತದೆಯೆ ಎಂಬ ಪ್ರಶ್ನೆಯನ್ನು 1986ರಲ್ಲಿಯೇ ಕೆಲವರು ಎತ್ತಿದ್ದರು. ಎರಡೂ ಒಟ್ಟಿಗೆ ನಡೆಯಲು ಅಡ್ಡಿಯೇನೂ ಇಲ್ಲ.

ಇಷ್ಟಾದರೂ ಕಪ್ಪಾದ ಗ್ರಂಥಿಯು ಸಾಮಾನ್ಯವಾಗಿ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಬಹುತೇಕ ರೋಗಿಗಳ ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಸರಿಯಾಗಿಯೇ ಇರುತ್ತದೆ. ಗ್ರಂಥಿಯ ಉರಿಯೂತ, ಹಾರ್ಮೋನಿನ ಕೊರತೆ ಕಾಣಿಸಿಕೊಂಡದ್ದು ಕೆಲವೇ ಮಂದಿಯಲ್ಲಿ.

ಕ್ಯಾನ್ಸರಿನ ಶಂಕೆ ಹುಟ್ಟಿದ್ದೆಲ್ಲಿ?

ಶಂಕೆಗೆ ಎರಡು ಮೂಲಗಳಿವೆ. ಮೊದಲನೆಯದು ಇಲಿಗಳ ಪ್ರಯೋಗ. ದೀರ್ಘಕಾಲ ಆಹಾರದೊಡನೆ ಮಿನೊಸೈಕ್ಲಿನ್ ತಿನ್ನಿಸಿದ ಇಲಿಗಳಲ್ಲಿ ಥೈರಾಯ್ಡ್ ಗೆಡ್ಡೆಗಳು ಉಂಟಾದುವು. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಅಮೆರಿಕದಲ್ಲಿ ಈ ಔಷಧದೊಡನೆ ಕೊಡುವ ಅಧಿಕೃತ ವಿವರಪತ್ರದಲ್ಲಿ ಈ ಸಂಗತಿ ಅಚ್ಚಾಗಿದೆ. ಮಾತ್ರೆ ಬಳಸಿದ ಕೆಲವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಂಡ ವರದಿಗಳು ಬಂದಿವೆಯೆಂದೂ, ದೀರ್ಘಕಾಲ ಕೊಡುವಾಗ ಅದರ ಲಕ್ಷಣಗಳ ಮೇಲೆ ಕಣ್ಣಿಡುವುದನ್ನು ವೈದ್ಯರು ಪರಿಗಣಿಸಬೇಕೆಂದೂ ಅದೇ ಪತ್ರ ಹೇಳುತ್ತದೆ.

ಆದರೆ ಇಲಿಯ ಥೈರಾಯ್ಡ್ ಮಾನವನ ಥೈರಾಯ್ಡಿನ ಪಡಿಯಚ್ಚಲ್ಲ. ಮಾನವನ ರಕ್ತದಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುವ ವಿಶೇಷ ಪ್ರೋಟೀನೊಂದಿದೆ. ದೊಡ್ಡ ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ರಕ್ತದಲ್ಲಿನ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಮಾನವನಲ್ಲಿ ಸುಮಾರು ಒಂದು ವಾರ ಹಿಡಿದರೆ ಇಲಿಯಲ್ಲಿ ಒಂದು ದಿನವೂ ಬೇಡ. ಔಷಧವು ಹಾರ್ಮೋನಿನ ತಯಾರಿಕೆಗೆ ಸ್ವಲ್ಪ ಅಡ್ಡಿ ಮಾಡಿದರೂ ಇಲಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ‘ಇನ್ನೂ ದುಡಿ, ಇನ್ನೂ ದುಡಿ’ ಎಂದು ಥೈರಾಯ್ಡಿಗೆ ಟಿ.ಎಸ್.ಎಚ್. ಎಂಬ ಚೋದಕವನ್ನು ಸುರಿಯತೊಡಗುತ್ತದೆ. ಎಡೆಬಿಡದ ಈ ಚೋದನೆಯಿಂದ ಗ್ರಂಥಿ ಬೆಳೆಯುತ್ತದೆ, ಕೊನೆಗೆ ಗೆಡ್ಡೆ ಕಟ್ಟುತ್ತದೆ. ಅಂದರೆ ಇಲಿಯಲ್ಲಿ ಗೆಡ್ಡೆಗೆ ಕಾರಣ ಕಪ್ಪು ಬಣ್ಣವಲ್ಲ, ಕೊರತೆಯನ್ನು ತುಂಬಲು ನಡೆದ ಅತಿದುಡಿಮೆ ಎಂದು ತಿಳಿಯಲು ಅವಕಾಶವಿದೆ. ಮಾತ್ರೆ ನುಂಗಿದ ಮನುಷ್ಯರಲ್ಲಿ ಬಹುಮಂದಿಯ ಟಿ.ಎಸ್.ಎಚ್. ಏರುವುದೇ ಇಲ್ಲ.

ಎರಡನೆಯ ಮೂಲ ಶಸ್ತ್ರಕ್ರಿಯೆಯ ಕೊಠಡಿ. ವರದಿಯಾದ ಕಪ್ಪು ಗ್ರಂಥಿಗಳಲ್ಲಿ ಗಣನೀಯ ಭಾಗದಲ್ಲಿ ಕ್ಯಾನ್ಸರ್, ಅದರಲ್ಲಿಯೂ ಪ್ಯಾಪಿಲರಿ ಎಂಬ ನಿಧಾನಗತಿಯ ಬಗೆ, ಪತ್ತೆಯಾಗಿದೆ. ಅಂಕಿಗಳನ್ನು ಮಾತ್ರ ಓದಿದವರಿಗೆ ಎದೆ ನಡುಗುವುದು ಸಹಜ. ಮುಂಬಯಿಯ ಮಳೆಗಾಲದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ರೈಲ್ವೆ ಸ್ಟೇಷನ್ನಿನ ಹೊರಗೆ ಕೊಡೆ ರಿಪೇರಿಯವನೊಬ್ಬ ಕುಳಿತಿದ್ದಾನೆ. ಒಬ್ಬರು ಅವನ ಮುಂದೆ ರಾಶಿಬಿದ್ದ ಕಪ್ಪು ಬಟ್ಟೆಯ ಕೊಡೆಗಳನ್ನು ಎಣಿಸಿ, ಅವುಗಳಲ್ಲಿ ಹೆಚ್ಚಿನವುಗಳ ಕಡ್ಡಿ ಮುರಿದಿರುವುದನ್ನು ಕಂಡು, ಕಪ್ಪು ಬಟ್ಟೆಯಿಂದಲೇ ಕೊಡೆಯ ಕಡ್ಡಿ ಮುರಿಯುತ್ತದೆಂದು ತೀರ್ಮಾನಿಸಿದರೆ ಹೇಗೆ? ಕಡ್ಡಿ ಮುರಿದ ಕಾರಣದಿಂದಲೇ ಅವು ರಿಪೇರಿಯವನ ಬಳಿಗೆ ಬಂದಿವೆ. ಕಡ್ಡಿ ಗಟ್ಟಿಯಾಗಿರುವ ಸಾವಿರಾರು ಕಪ್ಪು ಕೊಡೆಗಳು ಒಡೆಯರ ತಲೆಯ ಮೇಲೆ ಓಡಾಡುತ್ತಿವೆ. ಅವುಗಳನ್ನು ಯಾರೂ ಎಣಿಸಲಿಲ್ಲ.

ಥೈರಾಯ್ಡಿನ ವಿಷಯದಲ್ಲಿಯೂ ಹೀಗೆಯೇ. ಗಂಟು ಇದ್ದು ಕ್ಯಾನ್ಸರಿನ ಸಂಶಯ ಬಂದವರ ಗ್ರಂಥಿಯನ್ನೇ ಹೆಚ್ಚಾಗಿ ಶಸ್ತ್ರವೈದ್ಯರು ತೆಗೆಯುವುದು. ಹಾಗೆ ತೆಗೆದ ಗ್ರಂಥಿಗಳಲ್ಲಿ, ಕಪ್ಪಾಗಿರಲಿ ಕೆಂಪಾಗಿರಲಿ, ಕ್ಯಾನ್ಸರ್ ಹೆಚ್ಚಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಮಾತ್ರೆ ನುಂಗಿ, ಗ್ರಂಥಿ ಕಪ್ಪಾಗಿದ್ದರೂ ಗಂಟಿಲ್ಲದೆ ಸುಖವಾಗಿರುವವರ ಲೆಕ್ಕ ಯಾವ ವರದಿಯಲ್ಲಿಯೂ ಬರುವುದಿಲ್ಲ.

ಇದಕ್ಕೆ ಮತ್ತೊಂದು ಸಂಗತಿ ಸೇರುತ್ತದೆ. ಹುಡುಕಿದರೆ ಥೈರಾಯ್ಡಿನಲ್ಲಿ ಅತಿ ಸಣ್ಣ ಕ್ಯಾನ್ಸರ್ ಸಿಗುವುದು ಕಷ್ಟವಲ್ಲ. ಫಿನ್ಲೆಂಡಿನ ವೈದ್ಯರು ಮರಣೋತ್ತರ ಪರೀಕ್ಷೆಯ 101 ಗ್ರಂಥಿಗಳನ್ನು ತೆಳುವಾಗಿ ಸೀಳಿ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಗ್ರಂಥಿಗಳಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಇದ್ದಿತು. ಅವುಗಳಲ್ಲಿ ಹೆಚ್ಚಿನವು ಸೂಕ್ಷ್ಮದರ್ಶಕಕ್ಕೆ ಮಾತ್ರ ಎಟಕುವಂಥವು; ಬದುಕಿರುವಾಗ ಅವು ತಮ್ಮ ಇರವನ್ನು ತೋರಿಸಿಕೊಂಡಿರಲಿಲ್ಲ. ದಕ್ಷಿಣ ಕೊರಿಯದಲ್ಲಿ 1999ರಿಂದ ಕ್ಯಾನ್ಸರ್ ತಪಾಸಣೆ ವ್ಯಾಪಕವಾಗಿ, ಕತ್ತಿನ ಅಲ್ಟ್ರಾಸೌಂಡ್ ಕೂಡ ಅದರೊಡನೆ ಅಗ್ಗವಾಗಿ ದೊರೆಯತೊಡಗಿತು. 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಗಿತ್ತು. ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲಿಲ್ಲ. ಕಪ್ಪು ಗ್ರಂಥಿಯನ್ನು ಕಂಡ ಪೆಥಾಲಜಿಸ್ಟರು ಕುತೂಹಲದಿಂದ ಅದನ್ನು ಇನ್ನಷ್ಟು ತೆಳುವಾಗಿ ಸೀಳಿ ನೋಡಿದರೆ ಸಿಗುವುದೂ ಹೆಚ್ಚಾದೀತು.

ಮೊಡವೆಗೆ ಮಾತ್ರೆ ನುಂಗುವವರಲ್ಲಿ ತರುಣಿಯರು ಬಹಳ ಎಂಬುದು ಮೂರನೆಯ ಸಂಗತಿ. ಥೈರಾಯ್ಡ್ ಕ್ಯಾನ್ಸರು ಕೂಡ ಪುರುಷರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಒಂದೇ ಮನೆಯಲ್ಲಿ ಇಬ್ಬರು ಅತಿಥಿಗಳು ಇಳಿದಿದ್ದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರನ್ನು ಕರೆತಂದರೆಂದು ಹೇಳಲಾಗದು.

ಕಪ್ಪು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದಾಗ ಆ ಗಂಟು ಸಾಮಾನ್ಯವಾಗಿ ಕಪ್ಪಾಗಿರುವುದಿಲ್ಲವೆಂಬುದು ಬಹು ಸ್ವಾರಸ್ಯದ ವಿಷಯ. ಕರಿಕಂಬಳಿಯ ಮೇಲೆ ಬಿದ್ದ ಅಕ್ಕಿಕಾಳಿನಂತೆ ಅದು ಬಿಳಿಚಿಕೊಂಡು ಎದ್ದು ಕಾಣುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಪೆರಾಕ್ಸಿಡೇಸ್ ಕಿಣ್ವ ಕುಗ್ಗಿರುವುದರಿಂದ ಅಲ್ಲಿ ಬಣ್ಣ ತಯಾರಾಗದು. ಬಣ್ಣವೇ ಕ್ಯಾನ್ಸರಿಗೆ ಮೂಲವಾಗಿದ್ದರೆ ಗಂಟೇ ಎಲ್ಲಕ್ಕಿಂತ ಕಪ್ಪಾಗಿರಬೇಕಿತ್ತಲ್ಲವೆ ಎಂದು ಕೇಳಬಹುದು. ವಾದವು ಆಕರ್ಷಕವಾಗಿದ್ದರೂ ಇದನ್ನು ಪೂರ್ಣ ಪ್ರಮಾಣವೆಂದು ಒಪ್ಪುವುದು ಕಷ್ಟ. ಮೊದಲು ಕಪ್ಪಾಗಿದ್ದ ಕೋಶವೇ ಕೆಟ್ಟು, ಅದರ ಸಂತತಿಯು ಬಣ್ಣ ಕಟ್ಟುವ ಶಕ್ತಿಯನ್ನು ಕಳೆದುಕೊಂಡಿರಲೂಬಹುದು. ಬಣ್ಣ ಹೊತ್ತ ಕ್ಯಾನ್ಸರುಗಳೂ ಅಪರೂಪಕ್ಕೆ ವರದಿಯಾಗಿವೆ. ಒಟ್ಟಿನಲ್ಲಿ ಮಿನೊಸೈಕ್ಲಿನ್ನಿನಿಂದ ಮಾನವನಿಗೆ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆಂಬುದು ಸಿದ್ಧವಾಗಿಲ್ಲ. ಸಂಶಯದ ಬಾಗಿಲು ಪೂರ್ತಿ ಮುಚ್ಚಿಯೂ ಇಲ್ಲ.

ಸಿದ್ಧವಾದ ಕಾರಣವೆಂದರೆ ಹೇಗಿರುತ್ತದೆಂಬುದಕ್ಕೆ ಮೊಡವೆಯ ಚಿಕಿತ್ಸೆಯ ಇತಿಹಾಸದಲ್ಲಿಯೇ ನಿದರ್ಶನವಿದೆ. ಆಂಟಿಬಯೊಟಿಕ್ ಮಾತ್ರೆಗಳು ಬರುವ ಮುನ್ನ ಪಾಶ್ಚಾತ್ಯ ದೇಶಗಳಲ್ಲಿ ಮೊಡವೆಗೆ, ಟಾನ್ಸಿಲ್ ಊತಕ್ಕೆ, ಶಿಶುಗಳ ಥೈಮಸ್ ಗ್ರಂಥಿಗೆ ಕ್ಷಕಿರಣ ಕೊಡುವ ಪದ್ಧತಿ ಇತ್ತು. ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಹಲವರಿಗೆ ಶೈಶವದಲ್ಲಿ ಹೀಗೆ ಕ್ಷಕಿರಣ ಕೊಟ್ಟಿದ್ದುದನ್ನು 1950ರಲ್ಲಿ ಅಮೆರಿಕದ ವೈದ್ಯರು ಗಮನಿಸಿದರು. ಮುಂದೆ ಸಾವಿರಾರು ಜನರನ್ನು ದಶಕಗಳ ಕಾಲ ಹಿಂಬಾಲಿಸಿದಾಗ ಕಿರಣದ ಪ್ರಮಾಣ ಏರಿದಷ್ಟೂ ರೋಗ ಏರುವುದು ನಿಚ್ಚಳವಾಯಿತು. 1986ರ ಚೆರ್ನೋಬಿಲ್ ದುರಂತದ ಬಳಿಕ ವಿಕಿರಣಯುಕ್ತ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿಯೂ ಇದೇ ಕಂಡಿತು. ಮಿನೊಸೈಕ್ಲಿನ್ ವಿಷಯದಲ್ಲಿ ಇಂಥ ಸಾಕ್ಷ್ಯ ದೊರೆತಿಲ್ಲ.

ಮಾತ್ರೆ ನುಂಗಿದವರು ಮಾಡಬೇಕಾದುದೇನು?

ಹಿಂದೆಂದೋ ಕೆಲವು ತಿಂಗಳು ಮಾತ್ರೆ ನುಂಗಿದವರು ಗಾಬರಿಗೊಂಡು ಅಲ್ಟ್ರಾಸೌಂಡಿಗೆ ಓಡಬೇಕಾದ ಅವಶ್ಯಕತೆಯಿಲ್ಲ. ಕೊರಿಯದ ಅನುಭವ ಆ ಓಟದ ಫಲವನ್ನು ತೋರಿಸಿದೆ. ಕನ್ನಡಿಯ ಮುಂದೆ ಗಲ್ಲವನ್ನು ತುಸು ಮೇಲೆತ್ತಿ ಒಂದು ಗುಟುಕು ನೀರು ನುಂಗಿದಾಗ, ಕತ್ತಿನಲ್ಲಿ ಯಾವುದಾದರೂ ಗಂಟು ನುಂಗುವಿಕೆಯೊಡನೆ ಮೇಲೆ ಕೆಳಗೆ ಚಲಿಸಿದರೆ ವೈದ್ಯರಿಗೆ ತೋರಿಸಬೇಕು. ಗಂಟು ಬೇಗ ಬೇಗ ಬೆಳೆಯುವುದು, ವಾರಗಟ್ಟಲೆ ಧ್ವನಿ ಒಡೆದಿರುವುದು, ನುಂಗಲು ತೊಡಕು, ಕತ್ತಿನ ಪಕ್ಕದಲ್ಲಿ ನೋವಿಲ್ಲದ ಗಡ್ಡೆಗಳು, ಇವು ತಡಮಾಡದೆ ತೋರಿಸಬೇಕಾದ ಲಕ್ಷಣಗಳು. ಗಂಟುಗಳಲ್ಲಿ ಬಹುಪಾಲು ನಿರಪಾಯಕರವೇ ಆಗಿದ್ದರೂ ಅದನ್ನು ನಿರ್ಧರಿಸಬೇಕಾದುದು ಅಲ್ಟ್ರಾಸೌಂಡ್ ಮತ್ತು ಸೂಜಿಯ ಪರೀಕ್ಷೆ, ನೆರೆಮನೆಯವರ ಸಮಾಧಾನವಲ್ಲ.

ಈಗ ಮಾತ್ರೆ ನುಂಗುತ್ತಿರುವವರು ಅವಧಿಯ ಕಡೆಗೆ ಲಕ್ಷ್ಯ ಕೊಡಬೇಕು. ಮೊಡವೆಗೆ ಆಂಟಿಬಯೊಟಿಕ್ ಮಾತ್ರೆಯನ್ನು ಮೂರು ನಾಲ್ಕು ತಿಂಗಳಿಗೆ ಮಿತಿಗೊಳಿಸಿ, ಮುಂದೆ ಹಚ್ಚುವ ಔಷಧಗಳಿಂದ ಕಾಪಾಡಿಕೊಳ್ಳುವುದು ಇಂದಿನ ಚರ್ಮವೈದ್ಯರ ಕ್ರಮ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಈ ಕುಟುಂಬದ ಔಷಧಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೆಳೆಯುತ್ತಿರುವ ಹಲ್ಲು ಎಲುಬುಗಳಲ್ಲಿ ಅವು ನೆಲೆಸುತ್ತವೆ. ಮಹಾನಗರಗಳಲ್ಲಿ ಹಳೆಯ ಚೀಟಿ ತೋರಿಸಿಯೋ ಖಾಲಿ ಪಟ್ಟಿ ತೋರಿಸಿಯೋ ಅಂಗಡಿಯಿಂದ ಮಾತ್ರೆ ತಂದು ಮುಂದುವರಿಸುವವರು ಕಡಿಮೆಯಿಲ್ಲ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧದ ಪಟ್ಟಿಯ ಮೇಲೆ ಕೆಂಪು ಗೆರೆಯಿರುತ್ತದೆ. ಆ ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಸರಕಾರ 2016ರಲ್ಲಿ ಪ್ರಚಾರವನ್ನೇ ಆರಂಭಿಸಿತು.

ಊರು ಬಿಟ್ಟು ಬಂದವರಿಗೆ ಇನ್ನೊಂದು ತೊಡಕುಂಟು. ಹುಬ್ಬಳ್ಳಿಯಲ್ಲಿ ಆರಂಭವಾದ ಮಾತ್ರೆ ಪುಣೆಯಲ್ಲಿ ಮುಂದುವರಿದು ಮುಂಬಯಿಗೆ ವರ್ಗವಾಗುವಷ್ಟರಲ್ಲಿ ಹೆಸರೇ ಮರೆತುಹೋಗಿರುತ್ತದೆ. ಮೂರು ಊರು, ಮೂವರು ವೈದ್ಯರು; ಚೀಟಿಗಳು ಸಾಮಾನು ಕಟ್ಟುವಾಗ ರದ್ದಿಗೆ ಸೇರಿರುತ್ತವೆ. ಬಣ್ಣವಾದರೋ ಮಾತ್ರೆ ನಿಲ್ಲಿಸಿ ವರ್ಷಗಳಾದ ಮೇಲೂ ಗ್ರಂಥಿಯಲ್ಲಿ ಉಳಿದಿರುವುದುಂಟು. ಥೈರಾಯ್ಡ್ ಶಸ್ತ್ರಕ್ರಿಯೆಗೆ ಮುನ್ನ ‘ಯಾವ ಔಷಧ ನುಂಗುತ್ತಿದ್ದೀರಿ’ ಎಂದು ಕೇಳಿದಾಗ, ಹತ್ತು ವರ್ಷದ ಹಿಂದಿನ ಮೊಡವೆ ಮಾತ್ರೆಯನ್ನು ಹೇಳಬೇಕೆಂದು ಯಾರಿಗೂ ತೋರುವುದಿಲ್ಲ. ತೋರಬೇಕು. ಶಸ್ತ್ರವೈದ್ಯರಿಗೂ ಪೆಥಾಲಜಿಸ್ಟರಿಗೂ ಆ ಒಂದು ಮಾತು ಮೊದಲೇ ಗೊತ್ತಿದ್ದರೆ, ಕಪ್ಪು ಗ್ರಂಥಿಯನ್ನು ಕಂಡಾಗ ರಕ್ತಸ್ರಾವವೋ, ಕಬ್ಬಿಣದ ಅಂಶ ಶೇಖರವಾಗುವ ರೋಗವೋ, ಬೇರೆಡೆಯಿಂದ ಹರಡಿದ ಕರಿಗೆಡ್ಡೆಯೋ ಎಂಬ ಅನುಮಾನಗಳನ್ನು ಬೇಗ ಬಗೆಹರಿಸಿಕೊಳ್ಳಬಹುದು.

ಬಣ್ಣವೊಂದನ್ನೇ ಕಾರಣ ಮಾಡಿ ಗ್ರಂಥಿಯನ್ನು ಪೂರ್ತಿ ತೆಗೆಯುವುದು ಸರಿಯಲ್ಲ. ಪೂರ್ತಿ ತೆಗೆದರೆ ಜೀವಮಾನವಿಡೀ ಪ್ರತಿದಿನ ಥೈರಾಕ್ಸಿನ್ ಮಾತ್ರೆ ನುಂಗಬೇಕು. ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾದರೆ ಸ್ವರ ಕೆಡುತ್ತದೆ. ಹಿಂಬದಿಯ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಧಕ್ಕೆಯಾದರೆ ರಕ್ತದ ಕ್ಯಾಲ್ಸಿಯಂ ಇಳಿದು ಕೈಕಾಲು ಸೆಟೆಯುತ್ತವೆ. ಎಷ್ಟು ಭಾಗ ತೆಗೆಯಬೇಕೆಂಬುದನ್ನು ಗಂಟಿನ ಗುಣವೇ ನಿರ್ಧರಿಸಬೇಕು. ಕಪ್ಪಿನ ನಡುವೆ ಬಿಳಿಚಿದ ಗಂಟು ಕಂಡರೆ ಅದನ್ನು ವಿಶೇಷವಾಗಿ ಪರೀಕ್ಷಿಸಲೇಬೇಕು. ಗಂಟು ನಿರಪಾಯಕರವೆಂದು ತಿಳಿದು ಒಂದೇ ಹಾಲೆಯನ್ನು ತೆಗೆದಿದ್ದರೆ, ಕತ್ತಿನಲ್ಲಿ ಉಳಿದ ಇನ್ನೊಂದು ಕರಿಹಾಲೆಯು ಸಾಮಾನ್ಯವಾಗಿ ದೇಹಕ್ಕೆ ಬೇಕಾದಷ್ಟು ಹಾರ್ಮೋನನ್ನು ತಯಾರಿಸುತ್ತಲೇ ಇರುತ್ತದೆ. ಅದು ಸಾಲುತ್ತಿದೆಯೆ ಎಂಬುದನ್ನು ಶಸ್ತ್ರಕ್ರಿಯೆಯಾದ ಸುಮಾರು ಆರು ವಾರಗಳ ಬಳಿಕ ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗ, ಟಿ.ಎಸ್.ಎಚ್. ರಕ್ತಪರೀಕ್ಷೆಯಿಂದ ನೋಡಿಕೊಂಡರಾಯಿತು.